ಉಡಿ ತುಂಬಿದ ಅಕ್ಕಿ

ಇಂಡಿಯಲ್ಲಿ ನಾನು ಶಿಕ್ಷಕಿ, ಅವನು ಅದೇ ಶಾಲೆಯ ಶಿಕ್ಷಕ. ಅವನು ನನ್ನ ಗೆಳೆಯ, ಹೆಂಡತಿಯಿರುವವನು. ಗೆಳೆತನ ಬರೀ ಗೆಳೆತನವಾಗಿ ಉಳಿಯದೆ ಕೆಲವು ತಿಂಗಳಾಗಿದ್ದವು. ನನಗೆ ಸಿಂದಗಿಗೆ ವರ್ಗವಾದಾಗ ಬದುಕಿದೆನಪ್ಪ ಎಂದುಕೊಂಡೆ. ಅಷ್ಟರಲ್ಲಿ, ಏನೂ ತಿಳಿಯದ ಅವನ ಹೆಂಡತಿ ಊಟಕ್ಕೆ ಕರೆದಳು.

ಊಟ ಮುಗಿಸಿ ಹೊರಟಾಗ ಅವಳು ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ತಂದು ನಿಂತಳು. ಮನೆಮಗಳನ್ನು ಊರಿಗೆ ಕಳಿಸುವಾಗ ಉಡಿ ತುಂಬುವ ಸಾಮಾನು.

"ಬ್ಯಾಡ್ರಿ ಅಕ್ಕಾರ," ಎಂದೆ.

"ಬ್ಯಾಡ ಅನಬಾರದವಾ. ಮನಿಮಗಳಿದ್ದಂಗ ನೀ. ಬರೇ ಉಡೀಲೆ ಹೆಂಗ ಕಳಸಲಿ?"

ಬಾಗಿಲಲ್ಲಿ ಮೊಬೈಲ್ ಹಿಡಿದು ನಿಂತಿದ್ದ ಅವನು, "ತುಂಬಸ್ಕೋರಿ ಟೀಚರ್," ಎಂದ. ಯಾರೂ ಇಲ್ಲದಾಗ ಹೆಸರು ಹಿಡಿದು ಕರೆಯುವ ಬಾಯಿ! ಕಪಾಳಕ್ಕೆ ಬಾರಿಸಬೇಕೆನಿಸಿತು. ಆದರೆ ನನ್ನ ಎರಡೂ ಕೈ ಆಗಲೇ ಚೂಡಿದಾರದ ವೇಲ್ ಒಡ್ಡಿ ನಿಂತಿದ್ದವು.

ಅವಳು ಕುಂಕುಮ ಹಚ್ಚಿ ಬೊಗಸೆ ಬೊಗಸೆ ಅಕ್ಕಿ ಸುರಿದಳು. "ಇದನ್ನ ಯಾರಿಗೂ ಕೊಡಬ್ಯಾಡ. ನೀನ ಅನ್ನ ಮಾಡ್ಕೊಂಡು ಉಣ್ಣು."

ಸಿಂದಗಿ ಬಸ್ಸಿನಲ್ಲಿ ತೊಡೆಯ ಮೇಲಿನ ಗಂಟಿನ ಭಾರ ಬಿಟ್ಟರೆ ನನಗೇನೂ ತಿಳಿಯಲಿಲ್ಲ. ಅಳುವೂ ಬರಲಿಲ್ಲ. ಹೊಸ ಕೋಣೆಯಲ್ಲಿ ಮೊದಲು ಬೇಯಿಸಿದ್ದು ಅದೇ ಅಕ್ಕಿ. ಉಪ್ಪು ಹಾಕಿದ್ದೆನೋ ಇಲ್ಲವೋ, ಉಣ್ಣುವಾಗಲೂ ಗೊತ್ತಾಗಲಿಲ್ಲ.

ಕೈ ತೊಳೆಯುವಷ್ಟರಲ್ಲಿ ಅವಳ ಫೋನ್ ಬಂತು.

"ಉಂಡಿ ಏನವಾ?"

"ಉಂಡೆನ್ರಿ ಅಕ್ಕಾರ."

ಅಷ್ಟು ತಿಂಗಳಲ್ಲಿ ನಾನು ಅವಳಿಗೆ ಹೇಳಿದ ನಿಜ ಅದೊಂದೇ.