ಗುಡಿಗೋಡೆಗೆ ಎಳೆದ ಕೆಮ್ಮಣ್ಣಿನ ಗೆರೆ

ನಾನು ಓದಿದ್ದು ಬರೀ ನಾಲ್ಕನೇ ಕ್ಲಾಸು. ಆದರೂ ಕೊರವಂಗಲದ ಕಡೆಯ ನಮ್ಮೂರಿನ ಕಲ್ಲುಗುಡಿಯಲ್ಲಿ ದೇವರ ಮೂರ್ತಿ ಇವತ್ತಿಗೂ ತನ್ನ ಪೀಠದ ಮೇಲೇ ಇದೆಯೆಂದರೆ ಅದರಲ್ಲಿ ನನ್ನ ಪಾಲೂ ಇದೆ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ನಲವತ್ತರ ದಶಕದ ಮಾತು. ಮಳೆಬಿಸಿಲಿಗೆ ಹಳೆಯ ಗುಡಿಗಳು ಎಷ್ಟು ಹಾಳಾಗಿವೆಯೆಂದು ನೋಡಿ ಬರೆದುಕೊಳ್ಳಲು ಹಾಸನದಿಂದ ಒಬ್ಬ ಓವರ್ಸಿಯರ್ ಸೈಕಲ್ಲಿನಲ್ಲಿ ಬಂದರು. ಗುಡಿಯ ಹಿಂಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಕಲ್ಲು ಹಪ್ಪಳದ ಹಾಗೆ ಏಳುತ್ತಿತ್ತು. ಅಲ್ಲಿ ಸಾಲಾಗಿ ಕೆತ್ತಿದ್ದ ಆನೆಗಳಲ್ಲಿ ಎರಡರ ಸೊಂಡಿಲೇ ಉದುರಿತ್ತು.

"ಚಾವಣಿ ಸೋರ್ತಿದೆ. ಇನ್ನೆರಡು ಮಳೆಗಾಲ ತಡೆಯೋದಿಲ್ಲ. ಮೂರ್ತೀನ ಮೈಸೂರಿಗೆ ಸಾಗಿಸ್ಬೇಕು ಅಂತ ಬರೀತೀನಿ," ಅಂದರು.

ಸಾಗಿಸುವುದೆಂದರೇನು! ಆ ದೇವರ ಮುಂದೆಯೇ ನನಗೆ ತಾಳಿ ಕಟ್ಟಿದ್ದು.

ಆ ಗೋಡೆಯನ್ನು ನನ್ನಷ್ಟು ನೋಡಿದವರು ಯಾರೂ ಇರಲಿಲ್ಲ. ನಮ್ಮ ಮನೆಯ ತಿಪ್ಪೆ ಇದ್ದದ್ದೇ ಅದಕ್ಕೆ ಒರಗಿಕೊಂಡು. ಗಾಳಿಗೆ ಮರೆ, ಗೊಬ್ಬರ ಒಣಗುವುದಿಲ್ಲವೆಂದು ಮಾವನ ಅಜ್ಜ ಆರಿಸಿದ ಜಾಗವದು. ದಿನಾ ಬೆಳಿಗ್ಗೆ ಸಗಣಿ ಮಂಕರಿ ಹೊತ್ತು ಅಲ್ಲಿಗೆ ಹೋಗುತ್ತಿದ್ದೆ. ಕೊಟ್ಟಿಗೆಯ ಗಂಜಲವೂ ಹರಿದು ಅಲ್ಲಿಗೇ ಸೇರುತ್ತಿತ್ತು. ಮಳೆಗಾಲದಲ್ಲಿ ನೀರು ಸರಿದುಹೋಗದಂತೆ ತಿಪ್ಪೆಯೇ ಅಡ್ಡ. ಅಲ್ಲ, ಚಾವಣಿ ಸೋರಿದರೆ ನೀರು ಮೇಲಿನಿಂದ ಇಳಿಯಬೇಕಲ್ಲವೇ? ಒದ್ದೆ ಕೆಳಗಿನಿಂದ ಹತ್ತಿತ್ತು. ಅವತ್ತೇ ಒದ್ದೆಯ ಅಂಚಿಗೆ ಕೆಮ್ಮಣ್ಣಿನಿಂದ ಗೆರೆ ಎಳೆದೆ. ಒಂದು ತಿಂಗಳು ಹನಿ ಮಳೆಯಿಲ್ಲದ ಬಿರುಬೇಸಿಗೆ. ಆದರೂ ಗೆರೆಯವರೆಗೆ ಕಲ್ಲು ತಣ್ಣಗೆ ಒದ್ದೆ. ಉಳಿದ ಗೋಡೆಗಳೆಲ್ಲ ಒಣಒಣ.

ಆದರೆ ಹೇಳುವುದು ಹೇಗೆ? ದೀಪಾವಳಿಗೆ ತಿಪ್ಪೆಗೆ ದೀಪವಿಟ್ಟು ಕೈಮುಗಿಯುವ ಮನೆ ನಮ್ಮದು. ಅದನ್ನು ಕದಲಿಸಿದರೆ ಲಕ್ಷ್ಮಿಯೇ ಹೊರಟುಹೋಗುತ್ತಾಳೆಂಬ ನಂಬಿಕೆ. ಸೊಸೆ ಮಾವನೆದುರು ಬಾಯಿ ತೆರೆಯುವ ಕಾಲವೂ ಅದಲ್ಲ.

ಓವರ್ಸಿಯರ್ ಮತ್ತೆ ಬಂದು ಜಗಲಿಯ ಮೇಲೆ ಕೂತು, ಮೂರ್ತಿ ಸಾಗಿಸಲು ಮಾವನ ಹತ್ತಿರವೇ ಗಾಡಿ ಕೇಳಿದರು. ನನಗೆ ರೇಗಿಹೋಯಿತು. ಬಾಗಿಲ ಹಿಂದಿನಿಂದಲೇ ಅಂದುಬಿಟ್ಟೆ:

"ಸೂರು ಸೋರ್ತಿಲ್ಲ ಬುದ್ದಿ. ಗುಡೀನ ತಿಂತಾ ಇರೋದು ನಮ್ ತಿಪ್ಪೆ. ಗೀಟು ಎಳ್ದಿವ್ನಿ, ಬಂದು ನೋಡಿ!"

ಅವರು ಗೋಡೆ ಮುಟ್ಟಿ ನೋಡಿದರು. ಏಣಿ ಹಾಕಿ ಚಾವಣಿ ಹತ್ತಿದರು, ಅಲ್ಲಿ ಒಂದು ಬಿರುಕೂ ಸಿಗಲಿಲ್ಲ. ಇಳಿದು ಬಂದು, ಬರೆದಿದ್ದನ್ನು ಹೊಡೆದುಹಾಕಿದರು.

"ಆಯಮ್ಮ ಹೇಳಿದ್ದೇ ಸರಿ. ತಿಪ್ಪೆ ತೆಗೆದು ಚರಂಡಿ ತೋಡಿದರೆ ಮೂರ್ತಿ ಇಲ್ಲೇ ಇರಲಿ," ಎಂದರು.

ಅಬ್ಬಾ, ಆಗ ನನಗಾದ ಹೆಮ್ಮೆ! ಮರುಕ್ಷಣವೇ ಹೆದರಿಕೆ. ಮಾವನ ಮುಖ ಕಪ್ಪಿಟ್ಟಿತ್ತು.

"ಮೂರು ತಲೆಯಿಂದ ಗುಡೀನ ನಾವೇ ತಿಂದ್ವಾ?" ಎಂದು ಗೊಣಗಿ ಒಳಗೆ ಹೋದರು. ಗುದ್ದಲಿ ಹಿಡಿದು ಬಂದರು. ತಿಪ್ಪೆಗೆ ಕೈಮುಗಿದು ಅಗೆದರು, ಮೊದಲ ಮಂಕರಿ ತುಂಬಿದರು. ಎಂದೂ ನನ್ನ ಮುಖ ನೋಡಿ ಮಾತಾಡದಿದ್ದವರು ಮಂಕರಿಯನ್ನು ತಾವೇ ಎತ್ತಿ ನನ್ನ ತಲೆಯ ಮೇಲಿಟ್ಟರು.

"ನಡಿಯಮ್ಮಿ," ಅಂದರು. "ಎಲ್ಲಿಗ್ ಆಕ್ಬೇಕು ಅಂತ ನೀನೇ ಯೋಳು."