ಹುಟ್ಟದ ಎಂಟನೆಯ ಬಂಗುಡೆ

ಮಂಗಳೂರಿನ ನಂತೂರು ಸರ್ಕಲ್ಲಿನಲ್ಲಿ ಬಸ್ಸು ಒಮ್ಮೆ ನಿಂತಿತೆಂದರೆ ಒಳಗೆ ಕೂತವರಿಗೆ ಓದಲು ಸಿಗುವುದು ಎರಡೇ: ಮುಂದಿನ ಲಾರಿಯ ಬೆನ್ನು, ಇಲ್ಲವೇ ನನ್ನ ಬ್ಯಾನರು. ಲಾರಿಯ ಬೆನ್ನಿನಲ್ಲಿ ಹೆಚ್ಚೇನೂ ವಿಷಯವಿರುವುದಿಲ್ಲ. ಹಾಗಾಗಿ ನನ್ನ ಕಂಪ್ಯೂಟರ್ ತರಗತಿಗೆ ಬಂದು ಸೇರುವವರಲ್ಲಿ ಹೆಚ್ಚಿನವರು ಟ್ರಾಫಿಕ್ ಜಾಮ್ ಕೊಟ್ಟ ಮಕ್ಕಳು. ಊರೆಲ್ಲ ಜಾಮಿಗೆ ಶಾಪ ಹಾಕುವಾಗ ನಾನು ಕಿಟಕಿಯ ಬಳಿ ನಿಂತು ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ನನ್ನದು ಮೊದಲು ಟೈಪಿಂಗ್ ಇನ್‌ಸ್ಟಿಟ್ಯೂಟ್ ಆಗಿತ್ತು. ಟೈಪ್‌ರೈಟರಿನಂಥ ಮರ್ಯಾದಸ್ಥ ಯಂತ್ರವನ್ನು ನಾನು ಮತ್ತೆ ನೋಡಿಲ್ಲ. ಒಮ್ಮೆ ಕಲಿತರೆ ಮುಗಿಯಿತು, ಬೆಳಿಗ್ಗೆ ಬಂದು ಮುಚ್ಚಳ ತೆಗೆದರೆ ಅಕ್ಷರಗಳೆಲ್ಲ ನಿನ್ನೆಯ ಜಾಗದಲ್ಲೇ ಇರುತ್ತಿದ್ದವು. ಆಮೇಲೆ ಕಂಪ್ಯೂಟರ್ ಬಂತು. ಅದರ ಹಿಂದೆ ವೆಬ್‌ಸೈಟ್ ಮಾಡುವ ಕೋರ್ಸ್ ಬಂತು. ಅದರ ಹಿಂದೆ ನನ್ನ ಬಿಪಿ ಬಂತು.

ವೆಬ್‌ಸೈಟ್ ಮಾಡುವವರು ಈಗ ಎಲ್ಲವನ್ನೂ ಮೊದಲಿನಿಂದ ಬರೆಯುವುದಿಲ್ಲ. ಅರ್ಧ ಕೆಲಸ ಮುಗಿಸಿಟ್ಟ ಸಾಮಾನು ಸಿಗುತ್ತದೆ, ಅರೆದಿಟ್ಟ ಮಸಾಲೆಯ ಹಾಗೆ. ಅದನ್ನು ತಂದು ಉಳಿದದ್ದನ್ನು ಸೇರಿಸಿಕೊಳ್ಳುವುದು. ನಾನು ಕಲಿಸುವ ಸಾಮಾನಿನ ನಿಜವಾದ ಹೆಸರು ಹೇಳುವುದಿಲ್ಲ, ಇದು ಅಚ್ಚಾಗುವಷ್ಟರಲ್ಲಿ ಅದರ ಹೆಸರೇ ಬದಲಾದೀತು. ಸದ್ಯಕ್ಕೆ ನಮ್ಮೂರ ಮೀನಿನ ಹೆಸರಿಟ್ಟು ಬಂಗುಡೆ ಎನ್ನೋಣ. ಅದಕ್ಕೆ ಹೊಸ ಹೊಸ ಆವೃತ್ತಿ ಬರುತ್ತಲೇ ಇರುತ್ತದೆ. ಬಂಗುಡೆ ಒಂದು ಬಂತು, ಎರಡು ಬಂತು, ಹೀಗೆ ಆರನೆಯ ಬಂಗುಡೆಯವರೆಗೆ ನಾನು ಓಡಿ ಓಡಿ ಹಿಡಿದಿದ್ದೆ.

ಹಿಡಿಯುವುದೆಂದರೆ ಸುದ್ದಿ ಓದುವುದು. ಬೆಳಿಗ್ಗೆ ಚಾ ಕುಡಿಯುತ್ತಾ ಫೋನ್ ತೆರೆದರೆ, ಯಾವುದೋ ದೇಶದ ಯಾವನೋ ಒಬ್ಬ “ನೀವಿನ್ನೂ ಬಂಗುಡೆ ಬಳಸುತ್ತಿದ್ದೀರಾ?” ಎಂದು ಬರೆದಿರುತ್ತಾನೆ. ನನಗೆ ಸಿಟ್ಟು ಬರುತ್ತದೆ. ಅವನು ಹೊಗಳಿದ ಇನ್ನೊಂದು ಸಾಮಾನನ್ನು, ಅದಕ್ಕೂ ಮೀನಿನ ಹೆಸರೇ ಇರಲಿ, ಬೂತಾಯಿ ಎನ್ನೋಣ, ಕಲಿಯಲು ಕೂರುತ್ತೇನೆ. ಅರ್ಧ ಕಲಿಯುವಷ್ಟರಲ್ಲಿ ಅದೇ ಪುಣ್ಯಾತ್ಮ “ನಾನು ಬೂತಾಯಿ ಬಿಟ್ಟು ಬಂಗುಡೆಗೆ ಮರಳಿದ್ದೇಕೆ” ಎಂದು ಇನ್ನೊಂದು ಬರೆದಿರುತ್ತಾನೆ. ಅವನೊಮ್ಮೆ ಮಂಗಳೂರಿಗೆ ಬಂದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ. ಕೈಯಲ್ಲಿ ಬೆತ್ತ ಇಟ್ಟುಕೊಂಡೇ ಅನ್ನಿಸಿದೆ.

ಹೈವೇಯ ಆಚೆ ಬದಿ ನನ್ನದೇ ಥರದ ಇನ್ನೊಂದು ಇನ್‌ಸ್ಟಿಟ್ಯೂಟ್ ಇದೆ. ಗಲ್ಫಿನಿಂದ ವಾಪಸಾದ ಒಬ್ಬ ಪೊರ್ಬುಗಳದ್ದು. ಪೊರ್ಬು ಎಂಬುದು ನಾವು ತುಳುವರು ಕ್ರೈಸ್ತ ಗಂಡಸರನ್ನು ಗೌರವದಿಂದ ಕರೆಯುವ ಮಾತು. ಆ ದಿನಗಳಲ್ಲಿ ನಾನು ಅದನ್ನು ಗೌರವದಿಂದ ಹೇಳುತ್ತಿರಲಿಲ್ಲ. ಎದುರುಬದುರು ಇದ್ದೂ ನಾವು ಒಮ್ಮೆಯೂ ಮಾತಾಡಿರಲಿಲ್ಲ. ಜಗಳವೇನೂ ಇಲ್ಲ, ನಡುವೆ ರಸ್ತೆ ಇತ್ತು ಅಷ್ಟೆ. ನಂತೂರಿನಲ್ಲಿ ರಸ್ತೆ ದಾಟಿ ಹೋಗಿ ಪರಿಚಯ ಮಾಡಿಕೊಳ್ಳುವಷ್ಟು ಇಬ್ಬರಿಗೂ ಜೀವ ಬೇಸರವಾಗಿರಲಿಲ್ಲ. ನಮ್ಮ ಮಾತುಕತೆಯೆಲ್ಲ ಬ್ಯಾನರುಗಳಲ್ಲೇ ನಡೆಯುತ್ತಿತ್ತು, ಮತ್ತು ಇಬ್ಬರ ಬ್ಯಾನರೂ ಅಚ್ಚಾಗುತ್ತಿದ್ದದ್ದು ಒಂದೇ ಫ್ಲೆಕ್ಸ್ ಅಂಗಡಿಯಲ್ಲಿ.

ಒಂದು ದಿನ ಫ್ಲೆಕ್ಸ್ ಅಂಗಡಿಯವನ ಫೋನ್ ಬಂತು.

“ಟೀಚರೇ, ಆಚೆಯವರು ಬಂಗುಡೆ ಏಳು ಅಂತ ಹಾಕಿಸಿದ್ದಾರೆ. ನಿಮ್ಮದರಲ್ಲಿ ಇನ್ನೂ ಆರೇ ಉಂಟಲ್ಲ?”

“ಏಳು ಇನ್ನೂ ಬರ್ಲೇ ಇಲ್ಲ ಮಾರಾಯ! ಬರ್ತದೆ ಅಂತ ಸುದ್ದಿ ಉಂಟು, ಅಷ್ಟೆ.”

“ಬಂತಾ ಬಿಟ್ಟಿತಾ ನಂಗೆ ಗೊತ್ತಿಲ್ಲ. ಆರಕ್ಕಿಂತ ಏಳು ದೊಡ್ಡದು ಅಂತ ಬಸ್ಸಿನಲ್ಲಿ ಕೂತವರಿಗೆ ಗೊತ್ತುಂಟು.”

ನನ್ನ ಮೂಗಿನ ತುದಿಯಲ್ಲೇ ಇರುವ ಸಿಟ್ಟು ಬಾಯಿಗೆ ಬಂತು. “ಹಾಗಾದ್ರೆ ನನ್ನದಕ್ಕೆ ಎಂಟು ಹಾಕು.”

“ಯಾವ ಬಣ್ಣ?”

“ಕೆಂಪು!”

ವಾರ ಕಳೆಯುವುದರೊಳಗೆ ಪೊರ್ಬುಗಳು ಒಂಬತ್ತು ಹಾಕಿದರು. ನಾನು ಹತ್ತು ಹಾಕಿಸುತ್ತಿದ್ದೆ, ಸಂಶಯವೇ ಬೇಡ. ಆದರೆ ಅಷ್ಟರಲ್ಲಿ ಮೆಟ್ಟಿಲಲ್ಲಿ ಛತ್ರಿಯ ಟಕ್ ಟಕ್ ಕೇಳಿಸಿತು. ಆ ಸದ್ದು ಕಿವಿಗೆ ಬಿದ್ದದ್ದೇ, ಯಾಕೆಂದು ತಿಳಿಯುವ ಮೊದಲೇ ನಾನು ಎದ್ದು ನಿಂತಿದ್ದೆ.

ಬಂದವರು ನಮ್ಮ ಪ್ರಾಥಮಿಕ ಶಾಲೆಯ ಹೆಡ್ ಟೀಚರ್. ನಾವು ಮಕ್ಕಳು ಅವರನ್ನು ದೊಡ್ಡ ಟೀಚರ್ ಎನ್ನುತ್ತಿದ್ದೆವು. ನಿವೃತ್ತರಾಗಿ ಎಷ್ಟೋ ವರ್ಷವಾದರೂ ಅವರ ನೋಟ ನಿವೃತ್ತವಾಗಿರಲಿಲ್ಲ. ಒಮ್ಮೆ ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಅವರು ನನ್ನನ್ನು ಎಲ್ಲರೆದುರು ನಿಲ್ಲಿಸಿ, “ಇವಳು ಗಾಜು ಒಡೀತಾಳೆ, ಲೆಕ್ಕ ತಪ್ಪು ಮಾಡ್ತಾಳೆ, ಆದ್ರೆ ಸುಳ್ಳು ಹೇಳುವುದಿಲ್ಲ” ಎಂದಿದ್ದರು. ಆ ಶಾಲೆಯಲ್ಲಿ ನನಗೆ ಸಿಕ್ಕಿದ ಬಹುಮಾನ ಅದೊಂದೇ. ಮಕ್ಕಳಿಗೆ ಮದುವೆಯಾದರೂ, ತಲೆಗೆ ಬಣ್ಣ ಹಚ್ಚತೊಡಗಿದರೂ ನಾನದನ್ನು ಒಳಗೊಳಗೇ ಜೋಪಾನವಾಗಿ ಇಟ್ಟುಕೊಂಡಿದ್ದೆ.

“ಬಸ್ಸಿನಲ್ಲಿ ಕೂತು ಓದಿದೆ,” ಎಂದರು ದೊಡ್ಡ ಟೀಚರ್. “ಎಂಟನೇದ್ದು ಕಲಿಸ್ತೀಯಂತೆ. ನಂಗೊಂದು ವೆಬ್‌ಸೈಟ್ ಮಾಡ್ಲಿಕ್ಕೆ ಉಂಟು.”

“ಎಂತದಕ್ಕೆ ಟೀಚರ್?”

“ಕಲಿತ ಮೇಲೆ ಹೇಳ್ತೇನೆ. ಬೇರೆಯವರ ಬೋರ್ಡಾದ್ರೆ ನಾನು ನಂಬುದಿಲ್ಲ. ನೀನಲ್ವಾ, ನೀನು ಸುಳ್ಳು ಹೇಳುವವಳಲ್ಲ. ಸೋಮವಾರ ಬರ್ತೇನೆ.”

ಬಾಯಿ ತೆರೆದೆ. ಅಷ್ಟರಲ್ಲಿ ಅವರ ಛತ್ರಿ ಮೆಟ್ಟಿಲು ತಲುಪಿತ್ತು. ಅವರು ಇಳಿದು ಹೋದರು.

ಸೋಮವಾರದೊಳಗೆ ಏಳು ಹುಟ್ಟಬೇಕು, ಅದರ ಬೆನ್ನಿಗೇ ಎಂಟೂ ಹುಟ್ಟಬೇಕು. ಇಲ್ಲವಾದರೆ ಜೀವಮಾನದ ನನ್ನ ಒಂದೇ ಬಹುಮಾನ ಹೋಯಿತು. ಇಷ್ಟು ದಿನ ಬಂಗುಡೆಯ ಹಿಂದೆ ಓಡುತ್ತಿದ್ದವಳು ಈಗ ಮುಂದೆ ಹೋಗಿ ನಿಂತು, ಹಿಂದಿನಿಂದ ಅದು ಬರುತ್ತದೋ ಎಂದು ಕತ್ತು ಉದ್ದ ಮಾಡಿ ಕಾಯತೊಡಗಿದೆ. ಬೆಳಿಗ್ಗೆ ಸುದ್ದಿ, ಮಧ್ಯಾಹ್ನ ಸುದ್ದಿ, ಗಂಜಿ ಉಣ್ಣುವಾಗಲೂ ಸುದ್ದಿ. ಬಂಗುಡೆ ಮಾಡುವವರು ತಣ್ಣಗೆ ಬರೆದಿದ್ದರು: ಏಳು ಇನ್ನಷ್ಟು ತಡವಾಗಲಿದೆ, ಅವಸರವಿಲ್ಲ. ಅವಸರ ಇಲ್ಲವಂತೆ! ಅವರ ಹೆಡ್ ಟೀಚರ್ ಬರುವುದಿಲ್ಲವಲ್ಲ.

ಬೇರೆ ದಾರಿ ಕಾಣದೆ ದೇವಸ್ಥಾನಕ್ಕೆ ಹೋಗಿ ಅರ್ಚನೆಗೆ ಕೊಟ್ಟೆ. ಭಟ್ಟರು “ಹೆಸರು, ನಕ್ಷತ್ರ?” ಎಂದು ಕೇಳಿದರು. ಬಂಗುಡೆಯ ಹೆಸರನ್ನಾದರೂ ಹೇಳಬಹುದಿತ್ತು, ನಕ್ಷತ್ರ ಹೇಳುವುದು ಹೇಗೆ? ಅದು ಹುಟ್ಟಿಯೇ ಇರಲಿಲ್ಲ. ನನ್ನದೇ ಹೆಸರು, ನಕ್ಷತ್ರ ಹೇಳಿ ಪ್ರಸಾದ ತೆಗೆದುಕೊಂಡು ಬಂದೆ.

ಸೋಮವಾರ ಬೆಳಿಗ್ಗೆ ತರಗತಿಯ ಬಾಗಿಲು ತೆರೆಯುತ್ತಿದ್ದೇನೆ, ಹಿಂದಿನಿಂದ ಯಾರೋ ಏದುಸಿರು ಬಿಡುವುದು ಕೇಳಿಸಿತು. ತಿರುಗಿದರೆ ಆಚೆ ಬದಿಯ ಪೊರ್ಬುಗಳು! ಹೈವೇ ದಾಟಿ ಬಂದಿದ್ದರು. ಮುಖ ಬೆವರಿತ್ತು, ಒಂದು ಚಪ್ಪಲಿ ಕೈಯಲ್ಲಿತ್ತು.

“ಟೀಚರ್,” ಎಂದರು, “ನಿಮ್ಮ ಹತ್ರ ಒಂಬತ್ತು ಉಂಟಾ?”

“ನನ್ನ ಹತ್ರ ಎಂಟೇ ಇಲ್ಲ ಪೊರ್ಬುಗಳೇ!”

ಅವರು ಬೆಂಚಿನ ಮೇಲೆ ಕುಸಿದು ಕೂತರು. ನಡೆದದ್ದು ಇಷ್ಟು. ದೊಡ್ಡ ಟೀಚರ್ ನನ್ನಲ್ಲಿ ಎಂಟಕ್ಕೆ ಸೇರಿ, ರಸ್ತೆ ದಾಟಿ, ಅವರಲ್ಲಿ ಒಂಬತ್ತಕ್ಕೂ ಸೇರಿದ್ದರು. “ಗಲ್ಫಿನಲ್ಲಿ ಎಂತ ಕೆಲಸ ಅಂತ ಕೇಳಿದ್ರು ಟೀಚರ್. ನಾನು ನಿಂತ್ಕೊಂಡೇ ಉತ್ತರ ಹೇಳಿದ್ದು. ನಮ್ಮ ಮ್ಯಾನೇಜರಿಗೂ ನಾನು ಅಷ್ಟು ಹೆದರಿದವನಲ್ಲ. ಎರಡು ರಾತ್ರಿ ನಿದ್ದೆ ಇಲ್ಲ.”

ಇಷ್ಟು ವರ್ಷ ನಾನು ಹಲ್ಲು ಕಡಿದುಕೊಂಡು ದ್ವೇಷಿಸಿದ ಮನುಷ್ಯ ಇವರೇ ಎಂದು ನಂಬಲು ಆಗಲಿಲ್ಲ. ಚಾ ತರಿಸಿದೆ. ನಿಜ ಹೇಳಿಬಿಡುವುದೆಂದು ತೀರ್ಮಾನವಾಯಿತು. ಯಾರು ಮೊದಲು ಹೇಳುವುದು ಎಂಬುದು ಮಾತ್ರ ಬಗೆಹರಿಯಲಿಲ್ಲ. “ನಿಮ್ಮ ಟೀಚರಲ್ವಾ, ನೀವೇ ಹೇಳಿ,” ಎಂದರು ಅವರು. “ನಿಮ್ಮದು ಒಂಬತ್ತು. ದೊಡ್ಡ ಸುಳ್ಳಿನವರು ಮೊದಲು,” ಎಂದೆ ನಾನು.

ಅಷ್ಟರಲ್ಲಿ ಕೆಳಗೆ ಬ್ರೇಕುಗಳು ಕಿರುಚಿದವು. ಕಿಟಕಿಯಿಂದ ನೋಡಿದೆವು. ಪೊರ್ಬುಗಳ ಬಾಗಿಲಿಗೆ ಬೀಗ ಕಂಡು ದೊಡ್ಡ ಟೀಚರ್ ಈ ಬದಿಗೆ ಬರುತ್ತಿದ್ದರು. ಛತ್ರಿಯನ್ನು ಅಡ್ಡ ಹಿಡಿದಿದ್ದರು. ಹತ್ತು ಚಕ್ರದ ಲಾರಿಯೊಂದು ಗಕ್ಕನೆ ನಿಂತು, ಅದರ ಹಿಂದೆ ಬಸ್ಸು ನಿಂತು, ಅವರು ಯಾರನ್ನೂ ನೋಡದೆ ನಡೆದು ಬಂದರು. ಡ್ರೈವರ್ ಬೀಡಿ ಬಿಸಾಡಿದ್ದನ್ನು ನಾನು ಕಣ್ಣಾರೆ ಕಂಡೆ.

“ಇಬ್ಬರೂ ಇಲ್ಲೇ ಇದ್ದೀರಾ? ಒಳ್ಳೇದಾಯ್ತು,” ಎಂದು ಕೂತರು.

“ಟೀಚರ್, ಎಂಟು ಇಲ್ಲ,” ಎಂದೆ. ಸ್ವರ ಮೂರನೇ ಕ್ಲಾಸಿನದ್ದೇ ಬಂತು. “ಏಳೂ ಇಲ್ಲ. ಆರೇ ಕೊನೇದ್ದು. ಇವರ ಒಂಬತ್ತೂ ಇಲ್ಲ.”

“ನನ್ನದನ್ನು ನಾನೇ ಹೇಳ್ತಿದ್ದೆ!” ಎಂದರು ಪೊರ್ಬುಗಳು.

“ಗೊತ್ತುಂಟು,” ಎಂದರು ದೊಡ್ಡ ಟೀಚರ್. “ಪೇಪರ್ ಓದಿ ಆದ ಮೇಲೆ ನಾನು ಫೋನಿನಲ್ಲಿ ಅದನ್ನೂ ಓದ್ತೇನೆ. ಏಳು ತಡ ಅಂತ ನಿನ್ನೆಯೂ ಇತ್ತು.”

“ಮತ್ತೆ ಯಾಕೆ ಸೇರಿದ್ದು ಟೀಚರ್?” ಎಂದೆ ನಾನು.

“ಇನ್‌ಸ್ಪೆಕ್ಟರ್ ಬರ್ತಾರೆ ಅಂದ್ರೆ ನಮ್ಮ ಶಾಲೆಯಲ್ಲಿ ಎಲ್ಲರೂ ಎಷ್ಟು ಚಂದ ಪಾಠ ಮಾಡ್ತಿದ್ರು! ಹೆದರಿಕೆ ಉಂಟಲ್ಲ, ಅದು ಇದ್ದವರ ಹತ್ರವೇ ಕಲೀಬೇಕು. ನಿಮ್ಮ ಬ್ಯಾನರ್ ಎರಡನ್ನೂ ಬಸ್ಸಿನಿಂದ ನೋಡಿದೆ. ಇಷ್ಟು ಹೆದರಿದವರು ಇಡೀ ಮಂಗಳೂರಿನಲ್ಲಿ ಬೇರೆ ಯಾರೂ ಇರ್ಲಿಕ್ಕಿಲ್ಲ ಅಂತ ಅನ್ನಿಸ್ತು.”

ಆ ಮಾತು ನೇರವಾಗಿ ನಾಟಿತು. ಬೆಳಗಿನ ಚಾದ ಜೊತೆಗೆ ದಿನವೂ ನನಗೆ ಬರುತ್ತಿದ್ದದ್ದನ್ನು ನಾನು ಸಿಟ್ಟು ಎಂದೇ ತಿಳಿದಿದ್ದೆ. ಅದು ಹೆದರಿಕೆಯಂತೆ. ಹಿಂದೆ ಬೀಳುವ ಹೆದರಿಕೆ. ಕಣ್ಣು ತುಂಬಿ ಬಂತು.

“ನಾನು ಸುಳ್ಳು ಹೇಳಿದೆನಲ್ಲ ಟೀಚರ್.”

“ಬ್ಯಾನರ್ ಹೇಳಿದ್ದು. ನೀನು ಬಾಯಿ ಬಿಟ್ಟಾಗ ನಿಜವೇ ಬಂತಲ್ಲ,” ಎಂದು ಅವರು ನನ್ನ ಬೆನ್ನಿಗೊಂದು ಗುದ್ದಿದರು. ನಾನು ಕಣ್ಣೊರೆಸಿಕೊಳ್ಳುವ ಮೊದಲೇ ಮುಂದುವರಿಸಿದರು: “ಆದ್ರೆ ಇಂಪೊಸಿಶನ್ ತಪ್ಪಿದ್ದಲ್ಲ. ‘ಇಲ್ಲದ್ದನ್ನು ಕಲಿಸುತ್ತೇನೆಂದು ಹೇಳುವುದಿಲ್ಲ.’ ಇಬ್ಬರೂ ಐವತ್ತೈವತ್ತು ಸಲ ಬರೀರಿ.”

ಪೊರ್ಬುಗಳ ಕೈ ಮೆಲ್ಲನೆ ಕೀಬೋರ್ಡಿನ ಕಡೆಗೆ ಸರಿಯಿತು.

“ಅದರಲ್ಲಿ ಬೇಡ. ಒಂದು ಸಲ ಹೇಳಿದ್ರೆ ಅದು ಐವತ್ತು ಸಲ ಬರೀತದೆ ಅಂತ ನಂಗೆ ಗೊತ್ತುಂಟು. ಪೆನ್ನಿನಲ್ಲಿ.”

ಹತ್ತು ಗಂಟೆಯ ಬ್ಯಾಚಿನ ಹುಡುಗಿಯರು ಒಳಗೆ ಬಂದಾಗ ಎರಡು ಇನ್‌ಸ್ಟಿಟ್ಯೂಟುಗಳ ಮಾಲೀಕರು ಒಂದೇ ಬೆಂಚಿನಲ್ಲಿ ತಲೆ ತಗ್ಗಿಸಿ ಬರೆಯುತ್ತಿದ್ದರು. ಪೊರ್ಬುಗಳು ನಡುನಡುವೆ ನನ್ನದನ್ನು ನೋಡಿ ಎಣಿಸಿಕೊಳ್ಳುತ್ತಿದ್ದರು.

ಆಮೇಲೆ ದೊಡ್ಡ ಟೀಚರ್ ಒಂದು ದಿನ ನನ್ನಲ್ಲಿ, ಒಂದು ದಿನ ಅವರಲ್ಲಿ ಕಲಿತರು. ಬಂಗುಡೆಯ ಸುದ್ದಿಯೇ ಎತ್ತಲಿಲ್ಲ. ಮಸಾಲೆಯನ್ನು ತಾವೇ ಅರೆಯಬೇಕೆಂದರು. ವೆಬ್‌ಸೈಟಿನ ಮೂಲಭಾಷೆ, ಸಾದಾ ಎಚ್‌ಟಿಎಂಎಲ್, ಒಂದೊಂದೇ ಸಾಲು. ನಾವಿಬ್ಬರೂ ಪ್ರತಿ ಪಾಠಕ್ಕೂ ಹಿಂದಿನ ದಿನವೇ ಓದಿಕೊಂಡು, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬರುತ್ತಿದ್ದೆವು. ಅಷ್ಟು ಚಂದವಾಗಿ ನಾನು ಹಿಂದೆಂದೂ ಕಲಿಸಿರಲಿಲ್ಲ.

ಕೊನೆಗೆ ಅವರ ವೆಬ್‌ಸೈಟ್ ತಯಾರಾಯಿತು. ಕಾರಣವೂ ಆಗ ತಿಳಿಯಿತು. ನಿವೃತ್ತರಾದ ಮೇಲೆ ತಪಾಸಣೆ ಮಾಡಲು ಅವರಿಗೆ ಶಾಲೆ ಇರಲಿಲ್ಲ, ಆದ್ದರಿಂದ ಊರನ್ನೇ ತಪಾಸಣೆ ಮಾಡಿ ವರದಿ ಬರೆಯುವುದೆಂದು ಹೊರಟಿದ್ದರು. ಹೋಟೆಲಿನ ಸಾಂಬಾರು, ದರ್ಜಿಯ ಹೊಲಿಗೆ, ಬಸ್ಸಿನ ಕಂಡಕ್ಟರು, ಯಾರನ್ನೂ ಬಿಡುವ ಲಕ್ಷಣವಿರಲಿಲ್ಲ. ಮೊದಲನೆಯ ವರದಿ ನಮ್ಮ ಮೇಲೆ. ಒಂದೇ ಸಾಲು: “ಇಬ್ಬರೂ ಪಾಠ ಚೆನ್ನಾಗಿ ಮಾಡುತ್ತಾರೆ. ಬ್ಯಾನರ್ ನಂಬಬೇಡಿ.”

ಓದಿ ನಗು ಬಂತು, ಹೆಮ್ಮೆಯೂ ಆಯಿತು. ಸೀದಾ ಫ್ಲೆಕ್ಸ್ ಅಂಗಡಿಗೆ ಹೋದೆ. ಎಂಟನ್ನು ಇಳಿಸಿ ಆ ಜಾಗದಲ್ಲಿ ಹೊಸತನ್ನು ಕಟ್ಟಿಸಿದೆ: “ಪಾಠ ಚೆನ್ನಾಗಿದೆ. ಬ್ಯಾನರ್ ನಂಬಬೇಡಿ.” ನಂತೂರಿನ ಜಾಮಿನಲ್ಲಿ ಸಿಕ್ಕಿಕೊಂಡ ಜನ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಓದತೊಡಗಿದರು. ವಾರದೊಳಗೆ ಬೆಂಚುಗಳೆಲ್ಲ ಭರ್ತಿಯಾದವು. ಸುದ್ದಿ ಓದುವುದನ್ನು ನಾನು ಬಿಡಲಿಲ್ಲ, ಆದರೆ ಈಗ ಚಾ ಮುಗಿಸಿದ ಮೇಲೆ ಓದುತ್ತೇನೆ.

ಹೀಗೆ ನೆಮ್ಮದಿಯಲ್ಲಿ ಚಾ ಕುಡಿಯುತ್ತಿದ್ದಾಗ ಫ್ಲೆಕ್ಸ್ ಅಂಗಡಿಯವನ ಫೋನ್ ಬಂತು. “ಟೀಚರೇ, ಆಚೆಯವರು ಹೊಸತು ಹಾಕಿಸಿದ್ದಾರೆ. ಒಮ್ಮೆ ನೋಡಿ.”

ಕಿಟಕಿಯ ಬಳಿ ಹೋದೆ. ನನ್ನದಕ್ಕಿಂತ ಎರಡು ಪಟ್ಟು ದೊಡ್ಡದು, ಕೆಂಪು ಅಕ್ಷರ: “ಪಾಠ ಅದಕ್ಕಿಂತ ಚೆನ್ನಾಗಿದೆ. ಬ್ಯಾನರನ್ನು ಅದಕ್ಕಿಂತಲೂ ಕಡಿಮೆ ನಂಬಿ.” ಕೆಳಗೆ ಪೊರ್ಬುಗಳು ನಿಂತು ನನ್ನ ಕಡೆಗೆ ಕೈ ಬೀಸುತ್ತಿದ್ದರು.

ನನಗೆ ಸಿಟ್ಟು ಬಂತು. ಈ ಸಲ ಅದು ಸಿಟ್ಟೇ.