ಸಾರು ಕುಡಿದು ಬರುವಷ್ಟರಲ್ಲಿ

ಚಿಲ್‌ಬೊಕ್ ಸತ್ತ ಮೇಲೆ ಅವನ ಹೆಂಡತಿ ಗೊಪ್‌ದಾನ್ ಒಂದು ಕಡೆ ಕೂತವಳಲ್ಲ. ಒಲೆ ಹತ್ತಿರದಿಂದ ಅಂಗಳಕ್ಕೆ, ಅಂಗಳದಿಂದ ದೋಣಿಕಟ್ಟೆಗೆ, ಅಲ್ಲಿಂದ ಮತ್ತೆ ಮನೆಗೆ. ತೊಳೆದ ಪಾತ್ರೆಯನ್ನೇ ತೊಳೆಯುವಳು. ಕೂತರೆ ಸಾಕು, ಉಲ್ಸಾನ್ ನಗರದ ಆಸ್ಪತ್ರೆಯ ಕೆಳಗಿದ್ದ ಹೋಟೆಲು ಕಣ್ಣಿಗೆ ಬರುತ್ತಿತ್ತು.

ಅವತ್ತು ಗಂಡ ಉಸಿರಿಗೆ ಒದ್ದಾಡುತ್ತಿದ್ದ. ಮೈದುನ ಮಾನ್‌ಶಿಕ್ ಬಲವಂತ ಮಾಡಿದ. "ನಿನ್ನೆಯಿಂದ ಏನೂ ತಿಂದಿಲ್ಲ ನೀನು. ಹೋಗು ಅತ್ತಿಗೆ, ಒಂದು ಬಟ್ಟಲು ಸಾರು ಕುಡಿದು ಬಾ. ನಾನಿದ್ದೀನಲ್ಲ." ಅವಳು ಹೋದಳು. ಮೂಲಂಗಿ ಸಾರಿಗೆ ಅನ್ನ ಹಾಕಿಕೊಂಡು ಉಂಡಳು. ತಿರುಗಿ ಬಂದಾಗ ದಾದಿ ಚಿಲ್‌ಬೊಕ್‌ನ ಮುಖದ ಮೇಲೆ ಬಟ್ಟೆ ಎಳೆಯುತ್ತಿದ್ದಳು. ಗೊಪ್‌ದಾನಳ ಬಾಯಲ್ಲಿ ಮೂಲಂಗಿಯ ರುಚಿ ಇನ್ನೂ ಇತ್ತು.

ಚಿಲ್‌ಬೊಕ್ ಹುಡುಗನಾಗಿದ್ದಾಗ ತಿಮಿಂಗಿಲ ಬೇಟೆಯ ಹಡಗಿನಲ್ಲಿದ್ದವನು. ಕಂಬದ ತುದಿಯಲ್ಲಿ ನಿಂತು ನೀರು ನೋಡುವುದು ಅವನ ಕೆಲಸ. ಆಮೇಲೆ ದೂರದೇಶದಲ್ಲಿ ಯಾರೋ ಸಭೆ ಸೇರಿ, ಇನ್ನು ಯಾರೂ ತಿಮಿಂಗಿಲ ಹೊಡೆಯಬಾರದು ಎಂದರು. ಊರಿಗೆ ಊರೇ ಬಾಯಿ ಬಡಿದುಕೊಂಡಿತು. "ಆ ಮೇಜಿನ ಸುತ್ತ ನಮ್ಮೂರಿನವನು ಒಬ್ಬನಾದ್ರೂ ಇದ್ನಾ?" ಎಂದು ಸಾಯುವವರೆಗೂ ಬೈಯುತ್ತಿದ್ದ ಚಿಲ್‌ಬೊಕ್. ಬೈದರೂ ಈಟಿ ಮುಟ್ಟಲಿಲ್ಲ. ಕಡಲಲ್ಲಿ ಬಲೆ ನೆಟ್ಟು ಮೀನು ಹಿಡಿದ.

ಆದರೆ ತಿಮಿಂಗಿಲಕ್ಕೆ ಸಭೆಯ ಮಾತು ಗೊತ್ತಿಲ್ಲ. ಅದು ಮೀನಿನ ಹಿಂದೆ ಬಂದು ಬಲೆಗೆ ಬೀಳುತ್ತದೆ. ಜೀವವಿದ್ದರೆ ಬಿಡಬೇಕು. ತಾನಾಗಿ ಸತ್ತಿದ್ದರೆ ಕರಾವಳಿ ಪೊಲೀಸರಿಗೆ ಹೇಳಬೇಕು. ಅವರು ಬಂದು ಅದರ ಮೈಯೆಲ್ಲ ಕಬ್ಬಿಣ ಪತ್ತೆಹಚ್ಚುವ ಯಂತ್ರದ ಕೋಲು ಆಡಿಸಿ, ಒಳಗೆ ಕಬ್ಬಿಣ ಇಲ್ಲ, ಯಾರೂ ಈಟಿ ಹೊಡೆದಿಲ್ಲ ಎಂದು ಚೀಟಿ ಕೊಡುತ್ತಾರೆ. ಹರಾಜು ಆಗುತ್ತದೆ, ದೊಡ್ಡ ಮೊತ್ತ ಬಲೆಯವರ ಕೈಗೆ ಬರುತ್ತದೆ. ಸಮುದ್ರದ ಲಾಟರಿ ಅನ್ನುತ್ತಾರೆ ಅದಕ್ಕೆ.

ಹಾಗಾಗಿ ಊರಲ್ಲಿ ಒಂದು ರೂಢಿ ಬೆಳೆಯಿತು. ಬಲೆಯಲ್ಲಿ ತಿಮಿಂಗಿಲ ಇನ್ನೂ ಉಸಿರಾಡುತ್ತಿದ್ದರೆ ಯಾರೂ ಅದನ್ನು ಕಾಣುವುದಿಲ್ಲ. ದೋಣಿ ತಿರುಗಿಸಿ ಮನೆಗೆ ಹೋಗಿ, ಸಾರು ಕುಡಿದು ನಿಧಾನಕ್ಕೆ ಬರುತ್ತಾರೆ. ಅಷ್ಟರಲ್ಲಿ ಅದು ತಾನಾಗಿ ಸತ್ತಿರುತ್ತದೆ. ಕಾನೂನು ಮುರಿಯಲಿಲ್ಲ. ಚಿಲ್‌ಬೊಕ್ ಕೂಡ ಹಾಗೆ ತಿರುಗಿ ಬಂದವನೇ.

ಈಗ ಬಲೆ ಗೊಪ್‌ದಾನಳದು. ದೋಣಿ ಮಾನ್‌ಶಿಕ್‌ನದು. ದೋಣಿಯ ಎಂಜಿನ್ ಮುದಿ ನಾಯಿಯ ಹಾಗೆ ಕೆಮ್ಮುತ್ತಿತ್ತು. ಹೊಸದು ಹಾಕದಿದ್ದರೆ ಚಳಿಗಾಲದಲ್ಲಿ ಕಡಲಿಗಿಳಿಯುವ ಹಾಗಿರಲಿಲ್ಲ.

ಒಂದು ಬೆಳಿಗ್ಗೆ ಇಬ್ಬರೂ ಬಲೆ ನೋಡಲು ದೋಣಿಯಲ್ಲಿ ಹೋದಾಗ ಮಂಜಿತ್ತು. ಬಲೆಯ ಬಾಯಲ್ಲಿ ಕಪ್ಪು ಬೆನ್ನು ಕಂಡಿತು. ಹಗ್ಗ ಬಾಲಕ್ಕೆ ಸುತ್ತಿತ್ತು. ಅದು ಮೇಲೆ ಬಂದು ಫುಸ್ ಎಂದು ಉಸಿರು ಬಿಟ್ಟಿತು, ಮುಳುಗಿತು. ಮಾನ್‌ಶಿಕ್ ಕೈ ಉಜ್ಜಿಕೊಂಡ.

"ಅಣ್ಣ ಮೇಲಿಂದ ಕಳ್ಸಿದ್ದಾನೆ ಅತ್ತಿಗೆ! ಎಂಜಿನ್ ಬಂತು ಅಂದ್ಕೋ."

"ಜೀವ ಇದೆ ಅದಕ್ಕೆ."

"ಎಲ್ಲಿ? ನಂಗೇನೂ ಕಾಣಿಸ್ಲಿಲ್ಲಪ್ಪ, ಮಂಜು ನೋಡು." ಅವನು ನಗುತ್ತ ದೋಣಿ ತಿರುಗಿಸಿದ. "ನಡಿ, ಸಾರು ಕುಡಿದು ಬರೋಣ."

ಹಿಂದೆ ಮತ್ತೆ ಆ ಸದ್ದು. ಫುಸ್. ಸ್ವಲ್ಪ ಬಿಟ್ಟು ಇನ್ನೊಂದು. ಎರಡರ ನಡುವಿನ ಹೊತ್ತು ಉದ್ದವಾಗುತ್ತಿತ್ತು. ಆ ಉದ್ದ ಗೊಪ್‌ದಾನಳಿಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ಕೇಳಿದ್ದಳು.

"ತಿರುಗಿಸು."

"ತಲೆ ಕೆಟ್ಟಿದ್ಯಾ?"

"ತಿರುಗಿಸ್ತೀಯೋ, ನೀರಿಗೆ ಹಾರ್ಲೋ?"

ಅವಳು ಹಾರುವವಳೇ ಎಂದು ಅವನಿಗೆ ಗೊತ್ತಿತ್ತು. ಬೈಯುತ್ತ ತಿರುಗಿಸಿದ. ಅವಳು ಮೀನು ಸೀಳುವ ಚಾಕು ತೆಗೆದಳು. ಮಾನ್‌ಶಿಕ್ ಅವಳ ಮಣಿಕಟ್ಟು ಹಿಡಿದ.

"ಅಣ್ಣನ ಬಲೆ ಅದು! ಅಣ್ಣನ ಬಲೆ ಕೊಯ್ತೀಯಾ?"

"ಅದರ ಒಂದೊಂದು ಗಂಟು ಹಾಕಿದವಳು ನಾನು. ಕೈ ಬಿಡು."

"ಊರವರು ಏನಂತಾರೆ? ನಾವೆಲ್ಲ ಕೊಲೆಗಾರ್ರು, ಇವಳೊಬ್ಬಳು ಸಾಧ್ವಿ ಅನ್ನಲ್ವಾ?"

"ಅನ್ಲಿ. ಹೋಗಿ ಸಾರು ಕುಡಿಯೋಕೆ ನನ್ನ ಕೈಲಾಗಲ್ಲ ಕಣೋ. ಇನ್ನೊಂದ್ಸಲ ಆಗಲ್ಲ."

ಮಾನ್‌ಶಿಕ್‌ನ ಮುಖ ಬಿಳಿಚಿತು. ಅವತ್ತು ಅವಳನ್ನು ಕಳಿಸಿದವನು ಅವನೇ. ಕೈ ಬಿಟ್ಟ. ಅವಳು ಬಗ್ಗಿ ಕೊಯ್ದಳು. ಹಗ್ಗ ದಪ್ಪ, ಅಂಗೈ ಸೀಳಿತು. ಕೊನೆಗೆ ಮಾನ್‌ಶಿಕ್ ಅವಳ ಸೊಂಟ ಹಿಡಿದುಕೊಂಡ, ಬೀಳದ ಹಾಗೆ. ಹಗ್ಗ ಕಡಿದ ಕೂಡಲೇ ಕಪ್ಪು ಬೆನ್ನು ಒಳಗಿಳಿಯಿತು. ಮತ್ತೆ ಮೇಲೆ ಬಂದದ್ದು ಕಾಣಲಿಲ್ಲ. ಬದುಕಿತೋ, ಆಳದಲ್ಲಿ ಸತ್ತಿತೋ. ಅವಳು ಮಂಜಿಗೆ ಕಿವಿ ಕೊಟ್ಟು ನಿಂತೇ ಇದ್ದಳು.

ಊರು ಮಾತು ಬಿಟ್ಟಿತು. ಅಂಗಡಿಗೆ ಅವಳು ಹೋದರೆ ನಗು ನಿಲ್ಲುತ್ತಿತ್ತು. "ದೇವತೆ ಬಂದ್ರು, ದಾರಿ ಬಿಡ್ರೋ" ಎಂದ ಒಬ್ಬ ಮುದುಕ.

ಸುದ್ದಿ ಹೇಗೋ ಕರಾವಳಿ ಪೊಲೀಸರಿಗೆ ಮುಟ್ಟಿತು. ಒಬ್ಬ ಎಳೆಯ ಅಧಿಕಾರಿ ಸೇಬಿನ ಪೆಟ್ಟಿಗೆ ಹಿಡಿದು ಮನೆಗೆ ಬಂದ. ಮಾನ್‌ಶಿಕ್ ಬಾಗಿಲಲ್ಲೇ ನಿಂತಿದ್ದ.

"ಅಂತರರಾಷ್ಟ್ರೀಯ ನಿಯಮ ಪಾಲಿಸಿದ್ದೀರಿ ಅಜ್ಜಿ. ಒಂದು ಫೋಟೋ ತೆಗೀಬೇಕು."

"ಯಾವ ನಿಯಮ? ನನ್ನನ್ನ ಯಾರು ಕೇಳಿದ್ರು?"

"ಪ್ರಪಂಚಾನೇ ಒಪ್ಪಿದೆ ಅಜ್ಜಿ."

"ಪ್ರಪಂಚ ಬಂದು ನನ್ನ ಬಲೆ ಹೊಲಿಯುತ್ತಾ?"

ಅವನು ನಕ್ಕ. "ಮತ್ಯಾಕೆ ಬಿಟ್ರಿ?"

"ಉಸಿರಾಡ್ತಿತ್ತು."

ಇನ್ನೊಂದು ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಇಷ್ಟು ವರ್ಷ ಕೋಲು ಆಡಿಸಿದಿರಲ್ಲ, ಮೊದಲು ನೋಡಿದಾಗ ಜೀವ ಇತ್ತಾ ಎಂದು ಒಬ್ಬರನ್ನಾದರೂ ಕೇಳಿದ್ದೀರಾ? ಮಾನ್‌ಶಿಕ್ ನೆಲ ನೋಡುತ್ತಿದ್ದ. ಅವಳು ಮಾತು ನುಂಗಿದಳು. ಫೋಟೋಗೆ ನಿಲ್ಲಲಿಲ್ಲ, ಸೇಬು ಮುಟ್ಟಲಿಲ್ಲ. ಎದ್ದು ದೋಣಿಕಟ್ಟೆಗೆ ಹೋದಳು.

ಬಲೆಯ ತೂತು ದೊಡ್ಡದಿತ್ತು. ಬಟ್ಟೆ ಸುತ್ತಿದ ಕೈಯಲ್ಲೇ ಹೊಲಿಯತೊಡಗಿದಳು. ನಾಲ್ಕು ಗಂಟು ಹಾಕಿ ಏಳುವಳು, ಕಡಲು ನೋಡುವಳು, ಮತ್ತೆ ಕೂರುವಳು.

ಹಿಂದೆಯೇ ಮಾನ್‌ಶಿಕ್ ಬಂದ. ಬಲೆಯ ಆ ಕಡೆ ತುದಿ ಎಳೆದುಕೊಂಡು ಕೂತು, ಸೂಜಿಗೆ ದಾರ ಸುತ್ತಿದ.

"ಎಂಜಿನ್ ಹೋಯ್ತು, ಊರೂ ಹೋಯ್ತು," ಎಂದು ಗೊಣಗಿದ.

ಅವಳು ಇನ್ನೊಂದು ಗಂಟು ಬಿಗಿದಳು.

"ಇನ್ಮೇಲೆ ಸಾರು ಡಬ್ಬಿಗೆ ಹಾಕ್ಕೊಂಡು ಬಾ, ಅತ್ತಿಗೆ," ಎಂದ, ತಲೆ ಎತ್ತದೆ. "ದೋಣೀಲೇ ಕುಡಿಯೋಣ."